ನನ್ನ 20ನೇ ತಾರೀಕು 17ಕ್ಕೇ ಬರುತ್ತದೆ

"ನಿಂಗೆ ಟೈಮ್ ಎಲ್ಲಿ ಸಿಗತ್ತೆ ಮಾರಾಯ್ತಿ?"

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಆಫೀಸಿಗೆ ಬಿಲ್ಲು ಕೊಡಲು ಬಂದವರು ಕೇಳುತ್ತಾರೆ. ಮೊನ್ನೆ ನಾದಿನಿ ಫೋನಿನಲ್ಲಿ ಕೇಳಿದಳು, ಅಳು ಬರುವ ದನಿಯಲ್ಲಿ. ಅವಳಿಗೆ ಬೆಂಗಳೂರಿನಲ್ಲಿ ಕೆಲಸ, ಎರಡು ಸಣ್ಣ ಮಕ್ಕಳು, ದಿನಾ ಬಸ್ಸಿನ ಓಡಾಟ. ಅವಳಿಗೆ ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೇನೂ ಜಾಸ್ತಿ ಟೈಮ್ ಸಿಗುವುದಿಲ್ಲ. ಚಕಚಕ ಅಂತ ಕೆಲಸ ಮುಗಿಸುವವಳೂ ನಾನಲ್ಲ. ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು ಓಡಾಡುವುದನ್ನು ಬಿಟ್ಟೆ, ಅಷ್ಟೇ. ನೆನಪಿಡುವ ಕೆಲಸದಲ್ಲಿ ಸ್ವಲ್ಪವನ್ನು ಗೋಡೆಗೆ ಕೊಟ್ಟೆ, ಸ್ವಲ್ಪವನ್ನು ಮನೆಯವರಿಗೆ ಕೊಟ್ಟೆ. ಹೇಳುವುದಕ್ಕೆ ಒಂದೇ ಸಾಲು. ಕಲಿಯುವುದಕ್ಕೆ ಒಂದು ಕೆಟ್ಟ ಬೆಳಿಗ್ಗೆ ಬೇಕಾಯಿತು.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ಸಣ್ಣ ಅಂಗಡಿಗಳ, ಒಂದಷ್ಟು ಅಡಿಕೆ ಮಂಡಿಗಳ ಲೆಕ್ಕ ನೋಡುತ್ತೇನೆ, ಟ್ಯಾಕ್ಸ್ ರಿಟರ್ನ್ ಹಾಕುತ್ತೇನೆ. ಜನ ಆಡಿಟರ್ ಮೇಡಂ ಅನ್ನುತ್ತಾರೆ. ನಾನು ಸಿಎ ಓದಿದವಳಲ್ಲ, ಬಿಕಾಂ ಮುಗಿಸಿ ಈ ಕೆಲಸ ಕಲಿತವಳು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ನಮ್ಮ ತಿಂಗಳು ಅಂದರೆ ತಾರೀಕುಗಳ ಸಾಲು. 7ಕ್ಕೆ ಟಿಡಿಎಸ್, ಅಂದರೆ ಬೇರೆಯವರಿಗೆ ದುಡ್ಡು ಕೊಡುವಾಗ ಮುರಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್ 1, ಅಂದರೆ ಮಾರಾಟದ ಲೆಕ್ಕ. 14ಕ್ಕೆ ಜಿಎಸ್‌ಟಿ ವೆಬ್‌ಸೈಟಿನಲ್ಲಿ 2ಬಿ ಬರುತ್ತದೆ. ಯಾರಿಂದ ಮಾಲು ತಂದಿರೋ ಅವರು ನಿಮ್ಮ ಹೆಸರಲ್ಲಿ ಏನು ತೋರಿಸಿದ್ದಾರೆ ಅನ್ನುವ ಪಟ್ಟಿ ಅದು. 15ಕ್ಕೆ ಕೆಲಸಗಾರರ ಪಿಎಫ್, ಇಎಸ್‌ಐ ದುಡ್ಡು. 20ಕ್ಕೆ ಜಿಎಸ್‌ಟಿಆರ್ 3ಬಿ, ಅಂದರೆ ತಿಂಗಳ ತೆರಿಗೆಯ ಒಟ್ಟು ಲೆಕ್ಕ, ಜೊತೆಗೆ ತೆರಿಗೆಯ ದುಡ್ಡು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ. ವಹಿವಾಟು 5 ಕೋಟಿ ಒಳಗಿನವರು 2021ರಿಂದ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಅವರ ತಾರೀಕುಗಳೇ ಬೇರೆ.

ಇಷ್ಟೊಂದು ತಾರೀಕು ನೋಡಿ ಕೆಲಸ ತುಂಬಾ ಅಂದುಕೊಳ್ಳಬೇಡಿ. ಬಿಲ್ಲುಗಳೆಲ್ಲ ಕೈಯಲ್ಲಿದ್ದರೆ ಒಂದು ಸಣ್ಣ ಅಂಗಡಿಯ ರಿಟರ್ನ್ ಅರ್ಧ ಗಂಟೆಯ ಮಾತು. ಹೊತ್ತು ತಿನ್ನುವುದು ಉಳಿದದ್ದು. ಯಾರ ಬಿಲ್ಲು ಬಂದಿಲ್ಲ? ಯಾರಿಗೆ ಫೋನ್ ಮಾಡಬೇಕು? ರಿಟರ್ನ್ ಹಾಕಲು ಬೇಕಾದ ಓಟಿಪಿ ಮಾಲೀಕರ ಫೋನಿಗೆ ಹೋಗುತ್ತದೆ, ಅವರು ತೀರ್ಥಹಳ್ಳಿ ಕಡೆ ತೋಟದಲ್ಲಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ, ಮತ್ತೆ ಯಾವಾಗ ಸಿಗುತ್ತಾರೆ? ಇದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ಅದರ ಜೊತೆಗೇ ಮಗಳ ಫೀಸು, ಮಗನ ಪ್ರಾಜೆಕ್ಟಿಗೆ ಚಾರ್ಟ್ ಪೇಪರ್, ಗ್ಯಾಸ್ ಬುಕಿಂಗ್, ದೋಸೆಗೆ ನೆನೆಹಾಕುವುದು, ಅತ್ತೆಯ ಮಾತ್ರೆ.

2018ರ ಡಿಸೆಂಬರ್. 20ನೇ ತಾರೀಕು ರಾತ್ರಿ ಹನ್ನೊಂದೂವರೆಗೆ ಕೊನೆಯ ರಿಟರ್ನ್ ಹಾಕಿ ಮಲಗಿದೆ. ಬೆಳಿಗ್ಗೆ ಅತ್ತೆ ಬಚ್ಚಲುಮನೆಯ ಬಾಗಿಲ ಹತ್ತಿರ ತಲೆ ಸುತ್ತಿ ಬಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಬಿಪಿ 190 ದಾಟಿತ್ತು. ಮಾತ್ರೆ ಮುಗಿದು ನಾಲ್ಕು ದಿನ ಆಗಿತ್ತಂತೆ. "ಯಾಕೆ ಹೇಳಲಿಲ್ಲ ಅತ್ತೆ?" ಅಂದೆ. "ನಿಂಗೆ ಇಪ್ಪತ್ತನೇ ತಾರೀಕಿನ ಗಲಾಟೆ ಇತ್ತಲ್ವಾ, ಮುಗೀಲಿ ಅಂತ ಸುಮ್ನಿದ್ದೆ" ಅಂದರು.

ದೇವರ ದಯೆ, ಮೂಳೆ ಮುರಿಯಲಿಲ್ಲ. ಎರಡು ದಿನದಲ್ಲಿ ಮನೆಗೆ ಬಂದರು. ಆ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಒಂದೇ ವಿಷಯ ಯೋಚಿಸಿದೆ. ಮಾತ್ರೆಯ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಗಡಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ದುಡ್ಡಿಗೂ ತೊಂದರೆ ಇರಲಿಲ್ಲ. ಆದರೂ ಐದು ಜನರ ಮನೆಯಲ್ಲಿ ಅದನ್ನು ನೆನಪಿಡುವ ತಲೆ ಒಂದೇ ಇತ್ತು. ಆ ತಲೆ 20ನೇ ತಾರೀಕಿಗೆ ತುಂಬಿಹೋಗಿತ್ತು.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ಸರಿಯಾಗಿ ಬಳಸಲು ಶುರು ಮಾಡಿದ್ದು. ಅದುವರೆಗೆ ಅದರಲ್ಲಿ ಹಾಲಿನ ಲೆಕ್ಕ, ಏಕಾದಶಿ, ಸಂಕಷ್ಟಿ ಮಾತ್ರ ನೋಡುತ್ತಿದ್ದೆವು. ಈಗ ಮಾತ್ರೆಯ ಲೆಕ್ಕವೂ ಅದರಲ್ಲೇ. ಮಾತ್ರೆ ಮುಗಿಯುವ ದಿನವನ್ನು ಬರೆಯುವುದಿಲ್ಲ, ಕೊನೆಯ ಸ್ಟ್ರಿಪ್ ಒಡೆಯುವ ದಿನವನ್ನು ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತೇವೆ. ಅಂದೇ ಹೊಸದು ತರುವುದು. ಆಗ ಒಂದು ಸ್ಟ್ರಿಪ್ಪಿನಷ್ಟು ದಿನ ಕೈಯಲ್ಲಿರುತ್ತದೆ.

ಬರೆಯುವ ರೀತಿಯೂ ಮುಖ್ಯ. "ಸ್ಕೂಲ್ ಫೀಸು" ಅಂತ ಬರೆದರೆ ಅದು ಗೋಡೆಯಲ್ಲೂ ಇರುತ್ತದೆ, ತಲೆಯಲ್ಲೂ ಇರುತ್ತದೆ. "ಬುಧವಾರ ಬೆಳಿಗ್ಗೆ 10ಕ್ಕೆ, ಅಪ್ಪ, ಫೀಸು" ಅಂತ ಬರೆದರೆ ತಲೆ ಅದನ್ನು ಬಿಟ್ಟುಬಿಡುತ್ತದೆ. ಇದು ನನ್ನ ಅನುಭವ. ಆಮೇಲೆ ಓದಿದಾಗ ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ ಅಂತ ತಿಳಿಯಿತು. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಜನರಿಗೆ ಹೆಚ್ಚು ನೆನಪಿರುತ್ತದೆ ಅಂತ ಬರೆದರು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಅದು ಹಾಗೇ ಕಂಡಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2011ರಲ್ಲಿ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಂಡುಕೊಂಡ ವಿಷಯ. ಬಾಕಿ ಇರುವ ಕೆಲಸ ಬೇರೆ ಕೆಲಸದ ಮಧ್ಯೆ ತಲೆಗೆ ನುಗ್ಗುತ್ತಲೇ ಇರುತ್ತದೆ. ಅದನ್ನು ಯಾವಾಗ, ಹೇಗೆ ಮಾಡುವುದು ಅಂತ ಖಚಿತವಾಗಿ ಗೊತ್ತು ಮಾಡಿಕೊಂಡರೆ ಸಾಕು, ಕೆಲಸ ಮುಗಿಯದಿದ್ದರೂ ಆ ಕಾಟ ಕಡಿಮೆಯಾಗುತ್ತದೆ. ಇದನ್ನು ಓದಿದಾಗ ನಮ್ಮ ಅಡುಗೆಮನೆಯ ಗೋಡೆ ಕಣ್ಣ ಮುಂದೆ ಬಂತು.

ಆಫೀಸಿನಲ್ಲಿ ಮಾಡಿದ್ದು ತಾರೀಕು ಹಿಂದಕ್ಕೆ ತಂದದ್ದು. ನನ್ನ 11 ಅಂದರೆ 8. ನನ್ನ 20 ಅಂದರೆ 17. ಗೋಡೆಯ ಮೇಲೆ 20 ಅಂತ ಬರೆದೇ ಇಲ್ಲ. ಆ ಮೂರು ದಿನ ಬೇರೆ ಯಾವುದಕ್ಕೂ ಅಲ್ಲ. ಯಾರದೋ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಿರುತ್ತದೆ, ಕರೆಂಟ್ ಹೋಗುತ್ತದೆ, ಮಗನಿಗೆ ಜ್ವರ ಬರುತ್ತದೆ. ಆ ದಿನಗಳು ಅದಕ್ಕೇ. 2ಬಿ ಬರುವುದೇ 14ಕ್ಕೆ, ಹಾಗಾಗಿ 14ರಿಂದ 17 ನನಗೆ ಬಿಗಿ. ಆ ದಿನಗಳಲ್ಲಿ ಮದುವೆ, ಗೃಹಪ್ರವೇಶಕ್ಕೆ ನಾನು ಹೋಗುವುದಿಲ್ಲ, ಇವರು ಹೋಗಿ ಬರುತ್ತಾರೆ. ನೆಂಟರಿಗೆ ಮೊದಮೊದಲು ಬೇಜಾರಾಗಿತ್ತು. ಈಗ ಗೊತ್ತಾಗಿದೆ.

ಆದರೆ ನಾನೊಬ್ಬಳೇ ತಾರೀಕು ಹಿಂದಕ್ಕೆ ತಂದರೆ ಆಯಿತಾ? ಬಿಲ್ಲು ಬರಬೇಕಲ್ಲ. ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದರೆ ಯಾರೂ ನೋಡುವುದಿಲ್ಲ. ತಡ ಮಾಡುವವರ ಅಂಗಡಿಗೇ ಹೋಗಿ ಹತ್ತು ನಿಮಿಷ ಕೂತೆ. ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಬಿಲ್ಲುಗಳನ್ನೆಲ್ಲ ಒಂದು ಕೈಚೀಲಕ್ಕೆ ತುಂಬುತ್ತಿದ್ದರು. ಅದನ್ನು ಬಿಡಿಸಿ ನೋಡಲು ಅವರಿಗೇ ಭಯ. ಅದಕ್ಕೇ ಕೊನೆಯ ದಿನದವರೆಗೆ ತಳ್ಳುತ್ತಿದ್ದರು. ಈಗ ಶನಿವಾರ ಅಂಗಡಿ ಬಾಗಿಲು ಹಾಕುವ ಮುಂಚೆ ಅವರ ಹುಡುಗ ಆ ವಾರದ ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ಹತ್ತು ನಿಮಿಷದ ಕೆಲಸ. ಮಂಡಿಯವರಿಗೆ ಓಟಿಪಿಗೆ ಹೊತ್ತು ಗೊತ್ತು ಮಾಡಿದ್ದೇನೆ. "ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಪೇಟೆಯಲ್ಲೇ ಇರಿ, ಫೋನ್ ಕೈಯಲ್ಲಿರಲಿ" ಅಂತ ಹಿಂದಿನ ದಿನವೇ ಹೇಳುತ್ತೇನೆ. ಬೇರೆ ಹೊತ್ತಲ್ಲಿ ನಾನೂ ಕಾಯುವುದಿಲ್ಲ, ಅವರೂ ಗಾಬರಿಯಾಗುವುದಿಲ್ಲ.

ತಾರೀಕು ಮುಂದಕ್ಕೆ ಹೋದರೆ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. 2025ರಲ್ಲಿ ಅದನ್ನೂ ನೋಡಿದೆವು. ಸಂಬಳದವರು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಲು ಜುಲೈ 31 ಇದ್ದ ಕಡೆಯ ದಿನವನ್ನು ಸೆಪ್ಟೆಂಬರ್ 15ಕ್ಕೆ ಹಾಕಿದರು, ಕೊನೆಗೆ ಇನ್ನೊಂದು ದಿನ ಕೊಟ್ಟರು. ನನ್ನ ಹತ್ತಿರ ಬರುವವರಲ್ಲಿ ಜುಲೈನಲ್ಲಿ ಬರದವರು ಆಗಸ್ಟ್‌ನಲ್ಲೂ ಬರಲಿಲ್ಲ. ಗಣಪತಿ ಹಬ್ಬ ಆಯಿತು. ಸೆಪ್ಟೆಂಬರ್ 12, 13ಕ್ಕೆ ಸಾಲಾಗಿ ಬಂದರು, ಸಂಬಳ ಮತ್ತು ಅದರಲ್ಲಿ ಮುರಿದ ತೆರಿಗೆ ತೋರಿಸುವ ಫಾರಂ 16 ಇನ್ನೂ ಆಫೀಸಿನಿಂದ ತರಬೇಕು ಅಂದುಕೊಂಡು. ಎಷ್ಟು ಹೊತ್ತು ಕೊಟ್ಟರೆ ಕೆಲಸ ಅಷ್ಟಕ್ಕೂ ಹಬ್ಬುತ್ತದೆ ಅಂತ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1955ರಲ್ಲೇ ಬರೆದಿದ್ದರು. ಮುಂದೆ ಹೋದ ಆ ಒಂದೂವರೆ ತಿಂಗಳಲ್ಲಿ ಆ ಜನ ಕೆಲಸ ಮಾಡಲಿಲ್ಲ, ನೆಮ್ಮದಿಯಾಗಿಯೂ ಇರಲಿಲ್ಲ. "ರಿಟರ್ನ್ ಹಾಕಬೇಕು ರಿಟರ್ನ್ ಹಾಕಬೇಕು" ಅಂತ ತಲೆಯಲ್ಲಿ ಹೊತ್ತುಕೊಂಡೇ ಓಡಾಡಿದರು.

ಇನ್ನು ಮನೆ. ನಾದಿನಿಗೆ ನಿಜವಾಗಿ ಹೇಳಬೇಕಿರುವುದು ಇದನ್ನೇ.

ಕೇಂದ್ರ ಸರ್ಕಾರ ದೇಶದಲ್ಲಿ ಯಾರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡುತ್ತದೆ. 2024ರ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸುಮಾರು 289 ನಿಮಿಷ ಕೊಡುತ್ತಾರೆ. ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಮನೆಗೆಲಸಕ್ಕೆ ಕೈಯೇ ಹಾಕದ ಗಂಡಸರು ಆ 88ರ ಲೆಕ್ಕದಲ್ಲೂ ಇಲ್ಲ. ಮೂರು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಬೆಳಿಗ್ಗೆ ನಾಲ್ಕಕ್ಕೆ ಏಳಿ, ಫೋನಿನಲ್ಲಿ ಈ ಆಪ್ ಹಾಕಿ ಅಂತ ಸಲಹೆ ಕೊಡುವವರು ಈ ಮೂರು ಗಂಟೆಯ ಮಾತೇ ಎತ್ತುವುದಿಲ್ಲ. ನನಗೆ ಅದು ತುಂಬಾ ನೋವಿನ ವಿಷಯ. ನಾನು ನಾಲ್ಕಕ್ಕೆ ಎದ್ದೂ ನೋಡಿದ್ದೇನೆ. ಮಧ್ಯಾಹ್ನ ಮೂರಕ್ಕೆ ಅಂಕಿಗಳನ್ನು ತಪ್ಪಾಗಿ ಹಾಕುತ್ತಿದ್ದೆ. ಬಿಟ್ಟುಬಿಟ್ಟೆ.

ನಮ್ಮನೆಯವರು ಒಳ್ಳೆಯವರು. ಕೆಲಸ ಹೇಳಿದರೆ ಇಲ್ಲ ಅಂದವರಲ್ಲ. "ಹೇಳಿದ್ರೆ ಮಾಡ್ತೀನಲ್ಲ" ಅಂತಲೇ ಯಾವಾಗಲೂ ಹೇಳುತ್ತಿದ್ದರು. ಅತ್ತೆ ಬಿದ್ದ ಮೇಲೆ ಒಂದು ರಾತ್ರಿ ನಾನು ಕೂತು ಹೇಳಿದೆ: "ಹೇಳೋದೇ ದೊಡ್ಡ ಕೆಲಸ ರೀ. ಏನು ಮುಗೀತು ನೋಡ್ಬೇಕು, ಯಾವಾಗ ತರ್ಬೇಕು ಯೋಚಿಸ್ಬೇಕು, ನಿಮಗೆ ಹೇಳ್ಬೇಕು, ತಂದ್ರಾ ಅಂತ ಮತ್ತೆ ಕೇಳ್ಬೇಕು. ಅಂಗಡಿಗೆ ಹೋಗಿ ಬರೋದು ಅದರಲ್ಲಿ ಐದು ನಿಮಿಷ." ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಮ್ಮನ ಮಾತ್ರೆ, ಡಾಕ್ಟರು, ಶುಗರ್ ಟೆಸ್ಟ್ ಎಲ್ಲಾ ನನಗೆ ಬಿಡು" ಅಂದರು.

ಬಿಟ್ಟುಕೊಡುವುದು ಸುಲಭ ಇರಲಿಲ್ಲ. ಬಾಯಿ ತುದಿಗೆ "ಮಾತ್ರೆ ತಂದ್ರಾ?" ಬರುತ್ತಿತ್ತು. ಕೇಳಿದರೆ ಆ ಕೆಲಸ ಮತ್ತೆ ನನ್ನ ತಲೆಗೇ ಬಂದ ಹಾಗೆ. ಕೇಳದೆ ಬಿಟ್ಟು ಏನಾದರೂ ಆದರೆ? ಅದಕ್ಕೇ ಕ್ಯಾಲೆಂಡರಿನ ಕೆಂಪು ಸುತ್ತು. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರೂ ಯಾರನ್ನೂ ಕೇಳಬೇಕಿಲ್ಲ. ಗ್ಯಾಸು ಮತ್ತು ಕರೆಂಟ್ ಬಿಲ್ಲೂ ಅವರದೇ. ಮೊದಲ ತಿಂಗಳು ಸಿಲಿಂಡರ್ ಖಾಲಿಯಾಗಿ ಎರಡು ದಿನ ಇಂಡಕ್ಷನ್ ಒಲೆಯಲ್ಲಿ ಅನ್ನ ಸಾರು ಮಾಡಿದೆವು. ಎರಡನೇ ತಿಂಗಳಿಂದ ಹಾಗಾಗಲಿಲ್ಲ. ಮಗಳು ಬಟ್ಟೆ ನೋಡಿಕೊಳ್ಳುತ್ತಾಳೆ. ಮೆಷಿನ್‌ಗೆ ಹಾಕುವುದರಿಂದ ಮಡಿಸಿಡುವ ತನಕ ಅವಳದೇ. ಅವಳ ಮಡಿಕೆ ನನ್ನ ಹಾಗಿಲ್ಲ. ನಾನು ಮತ್ತೆ ಮಡಿಸುವುದಿಲ್ಲ. ಮಗ ಬೆಳಿಗ್ಗೆ ಹಾಲು ತರುತ್ತಾನೆ, ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ.

ಸೆಪ್ಟೆಂಬರ್ ತಿಂಗಳ ಆಡಿಟ್ ಕೆಲಸದಲ್ಲಿ ಈಗಲೂ ಎದೆ ಹಿಡಿದಂತಾಗುವ ದಿನಗಳಿವೆ. ಆಗ ಆಫೀಸಿನಿಂದ ನೇರ ಮನೆಗೆ ಹೋಗುವುದಿಲ್ಲ. ತುಂಗೆಯ ದಂಡೆಯ ಕಡೆ ಹದಿನೈದು ನಿಮಿಷ ನಡೆಯುತ್ತೇನೆ. ರಾತ್ರಿ ಎಂಟರ ನಂತರ ಬಂದ ಆಫೀಸಿನ ಮೆಸೇಜನ್ನು ಬೆಳಿಗ್ಗೆಯೇ ನೋಡುವುದು. ಇಷ್ಟು ವರ್ಷದಲ್ಲಿ ಅದರಿಂದ ಯಾರಿಗೂ ನಷ್ಟ ಆಗಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಎಷ್ಟು ಚೆನ್ನಾಗಿ ಹೊಂದಿಸಿದರೂ ಕೆಲವು ಸಲ ಕೆಲಸವೇ ಜಾಸ್ತಿ ಇರುತ್ತದೆ. 2022ರಲ್ಲಿ ನಾನು ಹದಿನಾಲ್ಕು ಅಂಗಡಿಗಳ ಲೆಕ್ಕವನ್ನು ನನ್ನ ಹತ್ತಿರ ಕಲಿತ ಹುಡುಗಿಗೆ ಒಪ್ಪಿಸಿದೆ. ಆದಾಯ ಕಡಿಮೆಯಾಯಿತು. ಮನೆ ಸಾಲದ ಕಂತು ಇದ್ದದ್ದರಿಂದ ಆ ವರ್ಷ ಕೈ ಬಿಗಿಯಾಗಿತ್ತು. ಎಲ್ಲರಿಗೂ ಹಾಗೆ ಬಿಡಲು ಆಗುವುದಿಲ್ಲ ಅಂತ ಗೊತ್ತು. ದಿನಗೂಲಿಯವರಿಗೆ, ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ನಾನು ಕ್ಯಾಲೆಂಡರ್ ತೋರಿಸಿ ಬುದ್ಧಿ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು ಜೊತೆ ಕೈ. ನಾದಿನಿಗೂ ಈ ಬೇಸಿಗೆ ರಜೆಗೆ ಮಕ್ಕಳನ್ನು ಇಲ್ಲಿಗೆ ಕಳಿಸು ಅಂದಿದ್ದೇನೆ. ಅವಳ ಗಂಡನ ಜೊತೆ ಮಾತಾಡುವ ಕೆಲಸವನ್ನು ಇವರಿಗೆ ವಹಿಸಿದ್ದೇನೆ. ಗಂಡಸರು ಗಂಡಸರಿಗೆ ಹೇಳಿದರೆ ಈ ಮಾತು ಬೇಗ ತಲೆಗೆ ಹೋಗುತ್ತದೆ.

ಅತ್ತೆಗೆ ಈಗ 78. ಕೆಂಪು ಪೆನ್ನು ಅವರ ಹತ್ತಿರವೇ ಇರುತ್ತದೆ. ಸ್ಟ್ರಿಪ್ ಎಣಿಸಿ ಅವರೇ ಸುತ್ತು ಹಾಕುತ್ತಾರೆ, ಕೈ ಸ್ವಲ್ಪ ನಡುಗುವುದರಿಂದ ಸುತ್ತು ಪಕ್ಕದ ದಿನಕ್ಕೂ ತಾಗುತ್ತದೆ. ಕಳೆದ 16ನೇ ತಾರೀಕು ರಾತ್ರಿ ನಾನು 2ಬಿ ತಾಳೆ ನೋಡುತ್ತಾ ಕೂತಿದ್ದೆ. ಅತ್ತೆ ಬಂದು ಟೇಬಲ್ಲಿನ ಮೇಲೆ ಮಜ್ಜಿಗೆ ಇಟ್ಟರು. "ಗುರುವಾರ ಕೊನೇ ಸ್ಟ್ರಿಪ್ ಒಡೀತೀನಿ" ಅಂದರು. ನಾನು ತಲೆ ಎತ್ತಿದೆ. "ನಿಂಗಲ್ಲ, ಅವನಿಗೆ ಹೇಳಾಯ್ತು" ಅಂದು ಮಲಗಲು ಹೋದರು.