ಯಾವ್ ಮಳೆ ಅಕ್ಕಾ ಈಗ?

ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ರೇಟಿಗಿಂತ ಜಾಸ್ತಿ ಕೇಳೋ ಪ್ರಶ್ನೆ ಇದು. ಗಲ್ಲಾಪೆಟ್ಟಿಗೆ ಹಿಂದೆ ಅಷ್ಟು ದೊಡ್ಡ ಕ್ಯಾಲೆಂಡರ್ ನೇತುಹಾಕಿದ್ದೇನೆ. ಅದನ್ನು ಯಾರೂ ನೋಡಲ್ಲ, ನನ್ನನ್ನೇ ಕೇಳುತ್ತಾರೆ. "ಮೃಗಶಿರ ನಡೀತೈತೆ ಕಣಣ್ಣ, ಇಪ್ಪತ್ತೆರಡಕ್ಕೆ ಆರಿದ್ರಾ" ಅನ್ನುತ್ತೇನೆ. ತಕ್ಷಣ ಗಾದೆ ಬರುತ್ತದೆ: ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ. ಅಲ್ಲಿಂದ ಮಾತು ಕೊಡಗಿಗೆ ಹೋಗುತ್ತದೆ. ಅಲ್ಲಿ ಮಳೆ ಹಿಡೀತಾ, ಕೆಆರ್‌ಎಸ್‌ ಈ ಸಲ 124.80 ಅಡಿ ಮುಟ್ಟುತ್ತಾ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಯಾವಾಗ ಬಿಡ್ತಾರೆ. ಮಂಡ್ಯದ ಗದ್ದೆಗೆ ಮಂಡ್ಯದ ಮಳೆ ಮಾತ್ರ ಸಾಲಲ್ಲ, ಅಲ್ವಾ.

ಇಷ್ಟೆಲ್ಲ ಮಾತಾಡಿದರೂ ಒಂದು ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಆರಿದ್ರಾ ಮಳೆ ನಡೆಯುವಾಗ ಆರಿದ್ರಾ ನಕ್ಷತ್ರ ಎಲ್ಲಿರುತ್ತದೆ? ರಾತ್ರಿ ಹುಡುಕಿದರೆ ಸಿಗುವುದಿಲ್ಲ. ಮೋಡ ಪೂರ್ತಿ ಸರಿದರೂ ಸಿಗುವುದಿಲ್ಲ. ಯಾಕಂದ್ರೆ ಅದು ಆಗ ಹಗಲಿನ ಆಕಾಶದಲ್ಲಿ ಇರುತ್ತದೆ, ಸೂರ್ಯ ಇರುವ ಕಡೆಯಲ್ಲೇ, ಸ್ವಲ್ಪ ದಕ್ಷಿಣಕ್ಕೆ. ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ.

ಮಳೆ ನಕ್ಷತ್ರ ಅಂದರೆ ಇದೇ. ಸೂರ್ಯ ಈಗ ಯಾವ ನಕ್ಷತ್ರದ ದಿಕ್ಕಿನಲ್ಲಿ ಕಾಣುತ್ತಾನೆ ಅನ್ನುವ ಲೆಕ್ಕ. ಪಂಚಾಂಗದಲ್ಲಿ ಇದಕ್ಕೆ ಮಹಾನಕ್ಷತ್ರ ಅನ್ನುತ್ತಾರೆ. ಊರಿನ ಅರಳಿಕಟ್ಟೆ ಮೇಲೆ ಒಂದು ದೀಪ ಇದೆ, ಸುತ್ತ ಮನೆಗಳಿವೆ ಅಂದುಕೊಳ್ಳಿ. ನೀವು ಕಟ್ಟೆ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹೋದರೆ ದೀಪದ ಹಿಂದೆ ಕಾಣುವ ಮನೆ ಬದಲಾಗುತ್ತಾ ಹೋಗುತ್ತದೆ. ದೀಪ ಅಲ್ಲಾಡಿಲ್ಲ, ನಡೆದದ್ದು ನೀವು. ಭೂಮಿ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಆ ಪ್ರದಕ್ಷಿಣೆ ಹಾಕುತ್ತಿದೆ. ಸುತ್ತಲಿನ ದಾರಿಯನ್ನು 27 ಪಾಲು ಮಾಡಿದ್ದಾರೆ. 365 ದಿನವನ್ನು 27ರಿಂದ ಭಾಗಿಸಿದರೆ ಹದಿಮೂರುವರೆ ದಿನ. ಅದಕ್ಕೇ ಒಂದೊಂದು ಮಳೆ ಎರಡು ವಾರಕ್ಕೆ ಒಂಚೂರು ಕಮ್ಮಿ.

"ಕ್ಯಾಲೆಂಡರ್‌ನಲ್ಲಿ ಇವತ್ತು ಅಶ್ವಿನಿ ಅಂತಿದೆ, ನೀವು ಮಘೆ ಅಂತೀರಲ್ಲ ಆಂಟಿ?" ಅಂತ ಕಾಲೇಜು ಹುಡುಗರು ಕೇಳುವುದುಂಟು. ಕ್ಯಾಲೆಂಡರ್‌ನ ದಿನದ ನಕ್ಷತ್ರ ಚಂದ್ರನದು. ಚಂದ್ರ ಅದೇ ದಾರಿಯನ್ನು 27.3 ದಿನದಲ್ಲಿ ಮುಗಿಸುತ್ತಾನೆ, ಅವನಿಗೆ ದಿನಕ್ಕೊಂದು ನಕ್ಷತ್ರ. ಸೂರ್ಯನಿಗೆ ಅದೇ ಸುತ್ತಿಗೆ ಒಂದು ವರ್ಷ ಬೇಕು.

ಹಾಗಾದ್ರೆ ಈ ಮಳೆ ನಕ್ಷತ್ರಗಳನ್ನು ಕಣ್ಣಾರೆ ನೋಡುವುದು ಯಾವಾಗ? ಡಿಸೆಂಬರ್‌ನಲ್ಲಿ. ಆಗ ಭೂಮಿ ಸೂರ್ಯನ ಇನ್ನೊಂದು ಪಕ್ಕಕ್ಕೆ ಬಂದಿರುತ್ತದೆ. ಭತ್ತದ ಕುಯ್ಲು ಮುಗಿಯುತ್ತಾ ಬಂದಿರುತ್ತದೆ, ಅಂಗಡಿಯಲ್ಲಿ ವ್ಯಾಪಾರ ಕಮ್ಮಿ. ರಾತ್ರಿ ಎಂಟು ಗಂಟೆಗೆ ಊಟ ಮುಗಿಸಿ ತಾರಸಿ ಹತ್ತಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಸಾಕು. ನಮ್ಮನೆ ಪೂರ್ವಕ್ಕೆ ಒಂದು ಆಲೆಮನೆ ಇದೆ. ಅದರ ಹೊಗೆ ಕೆಳಗೆ ಹಾಸಿಕೊಂಡಿರುತ್ತದೆ, ಬೆಲ್ಲದ ಪಾಕದ ವಾಸನೆ ತಾರಸಿವರೆಗೂ ಬರುತ್ತದೆ. ಹೊಗೆಯ ಮೇಲೆ ಕೆಂಪಗೆ ಆರಿದ್ರಾ. ಅದಕ್ಕೂ ಮೇಲೆ ಚಿಕ್ಕ ತ್ರಿಕೋನದ ಹಾಗೆ ಮೃಗಶಿರ. ಸಾಲಾಗಿ ಕಾಣುವ ಮೂರು ಚುಕ್ಕಿ ಅದರ ಪಕ್ಕದಲ್ಲೇ. ಇನ್ನೂ ಮೇಲೆ ಕಿತ್ತಳೆ ಬಣ್ಣದ ರೋಹಿಣಿ. ಎಲ್ಲಕ್ಕಿಂತ ಮೇಲೆ ಕೃತ್ತಿಕೆಯ ಗೊಂಚಲು. ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ. ಒಂದು ದಿನ ಆಚೀಚೆ ಆಗಬಹುದು. ಕ್ಯಾಲೆಂಡರ್‌ನಲ್ಲಿ ಯಾವ ಕ್ರಮದಲ್ಲಿ ಬರುತ್ತವೋ ಅದೇ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ನಿಂತಿರುತ್ತವೆ. ಗುರುತು ಹಿಡಿಯಲು ಆ್ಯಪ್ ಬೇಕಿಲ್ಲ.

ಕೃತ್ತಿಕೆಯಲ್ಲಿ ನಮ್ಮತ್ತೆ ಬರಿಗಣ್ಣಿಗೆ ಆರು ಎಣಿಸುತ್ತಾರೆ, ಅವರ ಕಣ್ಣು ಇನ್ನೂ ಚೆನ್ನಾಗಿದೆ. ಬೈನಾಕ್ಯುಲರ್ ಕೊಟ್ಟ ಮೇಲೆ ಎಣಿಸುವುದನ್ನು ಬಿಟ್ಟು ಸುಮ್ನೆ ನೋಡುತ್ತಾ ನಿಂತುಬಿಟ್ಟರು, ವಾಪಸ್ ಕೇಳಿದರೂ ಕೊಡಲಿಲ್ಲ. ಅಲ್ಲಿ ಸಾವಿರಕ್ಕೂ ಜಾಸ್ತಿ ನಕ್ಷತ್ರಗಳಿವೆ, ಎಲ್ಲ ಒಟ್ಟಿಗೆ ಹುಟ್ಟಿದವು. ವಯಸ್ಸು ಸುಮಾರು 10 ಕೋಟಿ ವರ್ಷ. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ ಆಗಿದೆ, ಅದರ ಮುಂದೆ ಇವು ಇನ್ನೂ ಎಳೆ ಕೂಸುಗಳು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಚಿಲ್ಲರೆ ಸಾಕು. ಕೃತ್ತಿಕೆಯ ಬೆಳಕಿಗೆ ಸುಮಾರು 440 ವರ್ಷ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟಾಗ ಶ್ರೀರಂಗಪಟ್ಟಣ ಇನ್ನೂ ವಿಜಯನಗರದವರ ಕೈಯಲ್ಲಿತ್ತು. ರಾಜ ಒಡೆಯರು ಅದನ್ನು ಹಿಡಿದದ್ದು 1610ರಲ್ಲಿ.

ರೋಹಿಣಿ ಅಷ್ಟು ದೂರ ಇಲ್ಲ, ಸುಮಾರು 65 ಜ್ಯೋತಿರ್ವರ್ಷ, ಅಂದ್ರೆ ಅದರ ಬೆಳಕು ಇಲ್ಲಿಗೆ ಬರಲು 65 ವರ್ಷ. ಅದರ ಸುತ್ತ ಇಂಗ್ಲಿಷ್ ವಿ ಅಕ್ಷರದ ಹಾಗೆ ಸಣ್ಣ ನಕ್ಷತ್ರಗಳು ಕಾಣುತ್ತವೆ. ನೋಡಿದರೆ ಒಂದೇ ಮನೆಯವರು ಅನ್ನಬೇಕು, ಆದರೆ ಸಂಬಂಧವೇ ಇಲ್ಲ. ಆ ಗುಂಪು ಇರುವುದು ರೋಹಿಣಿಗಿಂತ ಎರಡು ಪಟ್ಟಿಗೂ ಜಾಸ್ತಿ ದೂರದಲ್ಲಿ, ಸುಮಾರು 150 ಜ್ಯೋತಿರ್ವರ್ಷ. ನಮ್ಮ ಕಣ್ಣಿಗೆ ಒಂದೇ ಸಾಲಿಗೆ ಬಂದಿವೆ ಅಷ್ಟೇ. ಆರಿದ್ರಾ ಅಂತೂ ನೂರಾರು ಜ್ಯೋತಿರ್ವರ್ಷ ಆಚೆ. ಅದನ್ನು ತಂದು ಸೂರ್ಯನ ಜಾಗದಲ್ಲಿ ಇಟ್ಟರೆ ಭೂಮಿಯನ್ನು ನುಂಗಿ ಮಂಗಳನ ಕಕ್ಷೆಯನ್ನೂ ದಾಟುತ್ತದೆ. 2019ರ ಕೊನೆಗೆ ಅದು ಮಂಕಾಗಿ ಎಲ್ಲರೂ ಸ್ಫೋಟ ಆಗಿಬಿಡುತ್ತೆ ಅಂತ ಕಾದರು. ಕೊನೆಗೆ ನೋಡಿದರೆ ಅದು ತಾನೇ ಉಗುಳಿದ ಧೂಳು ಅಡ್ಡ ಬಂದಿತ್ತು.

ಇಷ್ಟು ದೂರದ ನಕ್ಷತ್ರ ನಾಗಮಂಗಲದ ಹೊಲಕ್ಕೆ ಮಳೆ ಸುರಿಸುತ್ತದಾ? ಇಲ್ಲ. ನನ್ನ ಅಂಗಡಿಗೆ ಬರುವ ರೈತರಲ್ಲಿ ಹಾಗೆ ನಂಬುವವರು ಕಮ್ಮಿ. ಅವರಿಗೆ ಅದು ತಾರೀಖು. ಜಿಪಿಯು 28 ತಳಿಯ ರಾಗಿ ಬಿತ್ತನೆಗೆ ಯಾವ ಮಳೆ ಸರಿ ಅಂತ ಹೇಳುವಾಗ ಅವರು ಹೇಳುತ್ತಿರುವುದು ಸೂರ್ಯ ಎಲ್ಲಿದ್ದಾನೆ ಅಂತ. ಋತು ನಡೆಯುವುದು ಸೂರ್ಯನಿಂದ ತಾನೇ? ಇದನ್ನು ಮೂಢನಂಬಿಕೆ ಅಂತ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು. ನಕ್ಷತ್ರದ ಶಕ್ತಿ ಅಂತ ವಾಟ್ಸಾಪ್‌ನಲ್ಲಿ ಹರಿಬಿಡುವವರ ಮೇಲೂ ಅಷ್ಟೇ ಸಿಟ್ಟು.

ಆದರೆ ಈ ತಾರೀಖಿನಲ್ಲಿ ಒಂದು ಸಣ್ಣ ಸೋರಿಕೆ ಇದೆ. ಭೂಮಿಯ ನಡು ಸ್ವಲ್ಪ ಉಬ್ಬಿದೆ. ಆ ಉಬ್ಬನ್ನು ಚಂದ್ರ, ಸೂರ್ಯ ಎಳೆಯುವುದರಿಂದ ಭೂಮಿಯ ಅಕ್ಷ ನಿಧಾನವಾಗಿ ತೂರಾಡುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದ ಸೂರ್ಯ ಅದೇ ನಕ್ಷತ್ರಕ್ಕೆ ವಾಪಸ್ ಬರುವ ವರ್ಷ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಏನು ಮಹಾ ಅನ್ನಬೇಡಿ. 71 ವರ್ಷಕ್ಕೆ ಒಂದು ದಿನ ಆಗುತ್ತದೆ. ಸಂಕ್ರಾಂತಿ ಇದಕ್ಕೆ ಸಾಕ್ಷಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14-15ಕ್ಕೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಟ್ಟಿಗೆ ಬೀಳುತ್ತಿದ್ದವು. ಮಳೆಗಳದೂ ಅದೇ ಕತೆ. ಸುಮಾರು 950 ವರ್ಷಕ್ಕೆ ಪೂರ್ತಿ ಒಂದು ಮಳೆಯಷ್ಟು ಜಾರುತ್ತದೆ. ತಲಕಾಡಿನಲ್ಲಿ ಚೋಳರು ಇದ್ದ ಕಾಲದಲ್ಲಿ ಆರಿದ್ರಾ ಕಾಲಿಡುತ್ತಿದ್ದದ್ದು ಈಗ ನಾವು ಮೃಗಶಿರ ಅನ್ನುವ ಹೊತ್ತಿಗೆ. ಗಾದೆ ಇದ್ದಲ್ಲೇ ಇದೆ, ಮಳೆ ಹೆಸರು ಕೆಳಗೆ ಸರಿಯುತ್ತಿದೆ.

ಜಾರದ ಲೆಕ್ಕವೂ ಒಂದಿದೆ, ನೆರಳಿನದು. ಮಂಡ್ಯದಲ್ಲಿ ಆಗಸ್ಟ್ 19ರ ಆಸುಪಾಸಿನಲ್ಲಿ, ಅಂದರೆ ಮಘೆ ಶುರುವಾಗಿ ಎರಡು ದಿನಕ್ಕೆ, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಂಗಳದಲ್ಲಿ ಒಂದು ಪಿವಿಸಿ ಪೈಪ್ ತುಂಡನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12:25ರ ಹೊತ್ತಿಗೆ ನೋಡಿ. ಪೈಪಿನ ಹೊರಗೆ ನೆರಳೇ ಇರಲ್ಲ. ಮುಂದೆ ಮಘೆ ಹೋಗಿ ಆ ದಿನಕ್ಕೆ ಆಶ್ಲೇಷ ಬಂದರೂ ಈ ನೆರಳು ತಾರೀಖು ಬಿಟ್ಟುಕೊಡಲ್ಲ. ಆಗಸ್ಟ್‌ನಲ್ಲಿ ಮೋಡ ಕೈಕೊಟ್ಟರೆ ಏಪ್ರಿಲ್ 23-24ಕ್ಕೆ ಇನ್ನೊಂದು ಅವಕಾಶ ಇದೆ, ಭರಣಿಗೆ ಮೂರ್ನಾಲ್ಕು ದಿನ ಮುಂಚೆ. ಆಗ 12:20ಕ್ಕೇ ಹೊರಗೆ ಬನ್ನಿ. ಬಿಸಿಲಿಗೇನೂ ಬರ ಇರಲ್ಲ, ತಲೆಗೊಂದು ಟವೆಲ್ ಸುತ್ತಿಕೊಂಡಿರಿ.