ಸೆಪ್ಟೆಂಬರ್ 17: ಬೀದರ, ಜೆರುಸಲೇಂ, ಪ್ಯಾರಿಸ್

ಸೆಪ್ಟೆಂಬರ್ 17 ಎಂದರೆ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳವರಾದ ನಮಗೆ ವಿವರಣೆ ಬೇಕಾಗದ ದಿನ. ಅಂದು ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲಾರ್ಪಣೆಯಾಗುತ್ತದೆ, ಪರೇಡ್ ಮೈದಾನದಲ್ಲಿ ಧ್ವಜಾರೋಹಣ ನಡೆಯುತ್ತದೆ. 1948ರಲ್ಲಿ ಈ ಭಾಗದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡದ್ದರ ನೆನಪಿಗೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಬಹುಕಾಲ ಕರೆಯುತ್ತಿದ್ದ ಆಚರಣೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಗಿದೆ. ಗಡಿಯಾಚೆಯ ಮರಾಠವಾಡಾದಲ್ಲಿ ಇದೇ ದಿನ ಮುಕ್ತಿಸಂಗ್ರಾಮ ದಿನ, ತೆಲಂಗಾಣದಲ್ಲಿಯೂ ಇದೇ ದಿನದ ಆಚರಣೆ. ಆದರೆ ಕ್ಯಾಲೆಂಡರಿನ ಈ ಒಂದು ಮನೆಯಲ್ಲಿ ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಏನೇನು ನಡೆದಿದೆ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ನೋಡಿದಾಗಲೂ ಪತ್ರಿಕೆಯ ಮೂಲೆಯಲ್ಲಿ ಬರುವ ‘ಇತಿಹಾಸದಲ್ಲಿ ಈ ದಿನ’ದ ಸಾಲುಗಳನ್ನು ಓದಿ ಪುಟ ತಿರುಗಿಸಿಬಿಡುತ್ತೇವೆ. ಆ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂಬುದು, ಅದರಲ್ಲಿಯೂ ದಿನದ ಜೊತೆಗೆ ವರ್ಷವನ್ನೂ ಗಮನಿಸಿ ಓದಬೇಕೆಂಬುದು ನನ್ನ ಆಗ್ರಹ.

ವರ್ಷ ಬೇರೆ ಬೇರೆಯಾಗಿದ್ದು ದಿನಾಂಕವಷ್ಟೇ ಒಂದಾಗಿದ್ದರೆ ಬಹುಮಟ್ಟಿಗೆ ಅದು ಕಾಕತಾಳೀಯ. ಆದರೂ ಕೆಲವೊಮ್ಮೆ ಒಂದೇ ದೇಶದ ಎರಡು ಘಟನೆಗಳು ಒಂದೇ ದಿನಾಂಕದ ಮೇಲೆ ಬಿದ್ದಾಗ ಆ ದೇಶದ ಕಥೆಯೇ ಅಲ್ಲಿ ಅಡಕವಾಗಿರುತ್ತದೆ. 1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾದಲ್ಲಿ 39 ಪ್ರತಿನಿಧಿಗಳು ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದರು. ಗುಲಾಮಗಿರಿಯ ಪ್ರಶ್ನೆಯನ್ನು ಬಗೆಹರಿಸದೆ, ಪ್ರತಿನಿಧಿಗಳ ಸಭೆಯಲ್ಲಿ ಸ್ಥಾನ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿಯುವ ರಾಜಿಯೊಂದಿಗೆ ಆ ದಾಖಲೆ ಸಿದ್ಧವಾಗಿತ್ತು. ಸರಿಯಾಗಿ 75 ವರ್ಷಗಳ ಬಳಿಕ, 1862ರ ಅದೇ ದಿನ, ಮೇರಿಲ್ಯಾಂಡಿನ ಆಂಟಿಟಮ್ ಹೊಳೆಯ ಬಳಿ ಅಮೆರಿಕನ್ನರು ಅಮೆರಿಕನ್ನರ ಮೇಲೆಯೇ ಕಾದಾಡಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನದಲ್ಲಿ ಸುಮಾರು 23 ಸಾವಿರ ಮಂದಿ. ಐದು ದಿನಗಳ ನಂತರ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆಯನ್ನು ಹೊರಡಿಸಿದರು. ಅಂದು ಸಹಿ ಹಾಕುವಾಗ ಮುಂದೂಡಿದ್ದ ಪ್ರಶ್ನೆಗೇ ಈ ರಕ್ತಪಾತದ ಬೇರು ಇಳಿದಿತ್ತು. ದಿನಾಂಕ ಹೊಂದಿದ್ದು ಆಕಸ್ಮಿಕ, ಘಟನೆಗಳು ಹೊಂದಿದ್ದು ಆಕಸ್ಮಿಕವಲ್ಲ.

ಪೋಲೆಂಡಿನದೂ ಇಂಥದೇ ಜೋಡಿ. 1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ನುಗ್ಗಿತ್ತು. 17ರಂದು ಪೂರ್ವದಿಂದ ಸೋವಿಯತ್ ಸೇನೆ ಬಂತು. 1980ರ ಸೆಪ್ಟೆಂಬರ್ 17ರಂದು ಗ್ದಾನ್ಸ್ಕ್ ನಗರದಲ್ಲಿ ಸೇರಿದ ಕಾರ್ಮಿಕ ಪ್ರತಿನಿಧಿಗಳು, ಸೋವಿಯತ್ ಹಿಡಿತದಲ್ಲಿದ್ದ ತಮ್ಮ ಸರ್ಕಾರಕ್ಕೆ ಸವಾಲಾದ ‘ಸಾಲಿಡಾರಿಟಿ’ ಎಂಬ ಒಂದೇ ರಾಷ್ಟ್ರೀಯ ಸಂಘಟನೆಯನ್ನು ಕಟ್ಟಿದರು. 1991ರ ಇದೇ ದಿನ ಎರಡೂ ಕೊರಿಯಾಗಳು, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸೇರಿದಂತೆ ಏಳು ದೇಶಗಳು ವಿಶ್ವಸಂಸ್ಥೆಯ ಸದಸ್ಯರಾದವು. ಈ ಕೊನೆಯದರಲ್ಲಿ ಆಕಸ್ಮಿಕ ಏನೂ ಇಲ್ಲ. ಆ ಕಾಲದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧಿವೇಶನ ಸೆಪ್ಟೆಂಬರಿನ ಮೂರನೆಯ ಮಂಗಳವಾರ ಆರಂಭವಾಗುತ್ತಿತ್ತು, ಆ ವರ್ಷ ಆ ಮಂಗಳವಾರ 17ನೇ ತಾರೀಖಾಗಿತ್ತು.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ನಮ್ಮದೇ ವರ್ಷ, 1948. ಅಂದು ಶುಕ್ರವಾರ.

ಭಾರತವನ್ನು ಸೇರದೆ ಉಳಿದಿದ್ದ ನಿಜಾಮರ ಹೈದರಾಬಾದ್ ರಾಜ್ಯದ ಮೇಲೆ ಸೆಪ್ಟೆಂಬರ್ 13ರಂದು ಆರಂಭವಾದ ಕಾರ್ಯಾಚರಣೆಯನ್ನು ಭಾರತದ ಸೇನೆ ‘ಆಪರೇಷನ್ ಪೋಲೋ’ ಎಂದು ಕರೆಯಿತು, ಸರ್ಕಾರ ಪೊಲೀಸ್ ಕಾರ್ಯಾಚರಣೆ ಎಂದಿತು. ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಪೊಲೀಸ್ ಆ್ಯಕ್ಷನ್’. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗ, ಉಮರ್ಗಾ ದಾಟಿ, ಇಂದು ನಾವು ಹೈದರಾಬಾದಿಗೆ ಹೋಗುವ ಹೆದ್ದಾರಿಯ ಜಾಡಿನಲ್ಲಿಯೇ ಹುಮನಾಬಾದ್, ಜಹೀರಾಬಾದ್‌ಗಳ ದಿಕ್ಕಿನಲ್ಲಿ ಸಾಗಿತು. 17ರ ನಸುಕಿನಲ್ಲಿ ಸೇನೆ ಬೀದರವನ್ನು ಪ್ರವೇಶಿಸಿತು. ಅಂದು ಸಂಜೆ ಸುಮಾರು 5 ಗಂಟೆಗೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮವನ್ನು ಘೋಷಿಸಿದರು. ಅವರ ಸೇನಾಪತಿ ಎಲ್ ಎಡ್ರೂಸ್ ವಿಧಿವತ್ತಾಗಿ ಶರಣಾದದ್ದು ಮರುದಿನ, 18ರಂದು. ನಾವು ಆಚರಿಸುವುದು ಶರಣಾಗತಿಯ ದಿನವನ್ನಲ್ಲ, ಬಂದೂಕು ನಿಂತ ದಿನವನ್ನು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಶಾಲೆಗಳ ಭಾಷಣಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಅದೇ ಶುಕ್ರವಾರ ಜೆರುಸಲೇಮಿನಲ್ಲಿಯೂ ಗಡಿಯಾರ ಸಂಜೆಯ 5ನ್ನು ತೋರಿಸಿದ ಸ್ವಲ್ಪದರಲ್ಲಿಯೇ (ಎರಡು ಊರುಗಳ ಹೊತ್ತು ಒಂದೇ ಅಲ್ಲ, ಅಲ್ಲಿಯ ಸಂಜೆ ನಮ್ಮದಕ್ಕಿಂತ ತಡ) ಕಟಮೋನ್ ಬಡಾವಣೆಯಲ್ಲಿ ವಿಶ್ವಸಂಸ್ಥೆಯ ವಾಹನಗಳನ್ನು ಅಡ್ಡಗಟ್ಟಿದ ಬಂದೂಕುಧಾರಿಗಳು ಸ್ವೀಡನ್ನಿನ ಕೌಂಟ್ ಫೋಕೆ ಬರ್ನಾಡೊಟ್ ಅವರನ್ನು ಗುಂಡಿಟ್ಟು ಕೊಂದರು. ಪಕ್ಕದಲ್ಲಿ ಕುಳಿತಿದ್ದ ಫ್ರೆಂಚ್ ಕರ್ನಲ್ ಆಂದ್ರೆ ಸೆರೋ ಕೂಡ ಸತ್ತರು. ಬರ್ನಾಡೊಟ್ ಸ್ವೀಡಿಷ್ ರೆಡ್ ಕ್ರಾಸಿನ ಪ್ರಮುಖರಾಗಿ 1945ರಲ್ಲಿ ನಾಜಿ ಶಿಬಿರಗಳಿಂದ ಸಾವಿರಾರು ಕೈದಿಗಳನ್ನು ಬಿಳಿ ಬಸ್ಸುಗಳಲ್ಲಿ ಹೊರತಂದ ಕಾರ್ಯವನ್ನು ಮುನ್ನಡೆಸಿದವರು. 1948ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆ ಅವರನ್ನು ಪ್ಯಾಲೆಸ್ಟೈನ್ ವಿವಾದದ ಮಧ್ಯಸ್ಥರನ್ನಾಗಿ ನೇಮಿಸಿತ್ತು. ಹಿಂದಿನ ದಿನವಷ್ಟೇ ಅವರು ತಮ್ಮ ಶಾಂತಿ ಪ್ರಸ್ತಾವದ ವರದಿಗೆ ಸಹಿ ಹಾಕಿದ್ದರು. ಕೊಂದವರು ‘ಲೆಹಿ’ ಎಂಬ ಯಹೂದಿ ಉಗ್ರ ಸಂಘಟನೆಯವರು. ಅದರ ನಾಯಕರಲ್ಲೊಬ್ಬರಾಗಿದ್ದ ಯಿತ್ಝಾಕ್ ಶಮೀರ್ ಮುಂದೆ ಇಸ್ರೇಲಿನ ಪ್ರಧಾನಿಯೂ ಆದರು.

ಬೀದರಕ್ಕೂ ಜೆರುಸಲೇಮಿಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಪ್ಯಾರಿಸ್ಸಿನಲ್ಲಿದೆ. ವಿಶ್ವಸಂಸ್ಥೆಯ ಮಹಾಸಭೆ ಆ ವರ್ಷ ಪ್ಯಾರಿಸ್ಸಿನಲ್ಲಿ ಸೇರುವುದಿದ್ದುದರಿಂದ ಭದ್ರತಾ ಮಂಡಳಿಯೂ ಅಲ್ಲಿಗೇ ಬಂದಿತ್ತು. ಆಗಸ್ಟ್ 21ರಂದು ನಿಜಾಮರ ಸರ್ಕಾರ ಭಾರತದ ವಿರುದ್ಧ ಸಲ್ಲಿಸಿದ್ದ ದೂರನ್ನು ಮಂಡಳಿ ಸೆಪ್ಟೆಂಬರ್ 16ರಂದು, ಅಂದರೆ ಬೀದರಕ್ಕೆ ಸೇನೆ ತಲುಪುವ ಹಿಂದಿನ ದಿನ, ವಿಚಾರಣೆಗೆ ಎತ್ತಿಕೊಂಡಿತು. ಹೈದರಾಬಾದ್ ನಿಯೋಗದ ಮುಖ್ಯಸ್ಥರಾಗಿ ಮೊಯಿನ್ ನವಾಜ್ ಜಂಗ್, ಭಾರತದ ಪರವಾಗಿ ರಾಮಸ್ವಾಮಿ ಮೊದಲಿಯಾರ್ ಅಲ್ಲಿದ್ದರು. 18ರಂದು ಅದೇ ಮಂಡಳಿ ಬರ್ನಾಡೊಟ್ ಹತ್ಯೆಯನ್ನು ಖಂಡಿಸಿ 57ನೇ ನಿರ್ಣಯವನ್ನು ಅಂಗೀಕರಿಸಿತು, ವಿಶ್ವಸಂಸ್ಥೆಯ ಧ್ವಜವನ್ನು ಮೂರು ದಿನ ಅರ್ಧಕ್ಕೆ ಇಳಿಸುವಂತೆ ಕೇಳಿಕೊಂಡಿತು. 20ರಂದು ಮತ್ತೆ ಹೈದರಾಬಾದ್ ವಿಷಯ. 22ರಂದು ದೂರನ್ನು ಹಿಂಪಡೆದಿರುವುದಾಗಿ ನಿಜಾಮರ ತಂತಿ ತಲುಪಿತು. ಒಂದೇ ಮಂಡಳಿ, ಒಂದೇ ವಾರ, ಎರಡು ವಿಷಯ. ನಮ್ಮ ಪ್ರದೇಶದ ಭವಿಷ್ಯ ನಿರ್ಧಾರವಾಗುತ್ತಿದ್ದ ಗಳಿಗೆಯಲ್ಲಿ ಜಗತ್ತಿನ ಗಮನವನ್ನು ಜೆರುಸಲೇಮಿನ ಆ ಕೊಲೆ ಸೆಳೆದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಈ ಎರಡು ಕಥೆಗಳು ಮತ್ತೊಂದು ದಿನಾಂಕದಲ್ಲಿಯೂ ಜೊತೆಯಾಗಿ ಸಿಗುತ್ತವೆ. 1947ರ ನವೆಂಬರ್ 29ರಂದು ನಿಜಾಮರು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ದಿನ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಪ್ಯಾಲೆಸ್ಟೈನನ್ನು ವಿಭಜಿಸುವ 181ನೇ ನಿರ್ಣಯವನ್ನು 33 ಪರ, 13 ವಿರುದ್ಧ, 10 ತಟಸ್ಥ ಮತಗಳಿಂದ ಅಂಗೀಕರಿಸಿತು. ವಿರುದ್ಧ ಮತ ಹಾಕಿದವರಲ್ಲಿ ಭಾರತವೂ ಇತ್ತು. ಎರಡೂ ಕಡೆ ತಾರೀಖನ್ನು ಒಬ್ಬರನ್ನೊಬ್ಬರು ಕೇಳಿ ಗೊತ್ತುಮಾಡಿದ್ದಲ್ಲ. ಆದರೆ ಎರಡರ ಹಿಂದೆಯೂ ಬ್ರಿಟಿಷರು ತಮ್ಮ ಹೊಣೆಯನ್ನು ಕೆಳಗಿಟ್ಟು ಹೊರಟ ಅವಸರವಿತ್ತು. ಭಾರತದ ಸ್ವಾತಂತ್ರ್ಯಕ್ಕೆ ಆಗಸ್ಟ್ 15ನ್ನು ಮೌಂಟ್‌ಬ್ಯಾಟನ್ ಆರಿಸಿದ್ದು 1945ರಲ್ಲಿ ಜಪಾನ್ ಶರಣಾದ ದಿನವೆಂಬ ಕಾರಣಕ್ಕೆ. ಕೊರಿಯನ್ನರೂ ತಮ್ಮ ಬಿಡುಗಡೆಯನ್ನು ಅದೇ ದಿನ ನೆನೆಯುತ್ತಾರೆ. ಆ 1947ರ ಆಗಸ್ಟ್ 15 ನಮ್ಮ ಮೂರು ಜಿಲ್ಲೆಗಳ ಜನರಿಗೆ ಸ್ವಾತಂತ್ರ್ಯವನ್ನು ತರಲಿಲ್ಲ. ತಿರಂಗ ಹಾರಿಸಿದ್ದಕ್ಕಾಗಿ ಜನ ಜೈಲು ಕಂಡ ರಾಜ್ಯ ಇದು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರೂ ಅವರಲ್ಲೊಬ್ಬರು.

1978ರ ಸೆಪ್ಟೆಂಬರ್ 17ರಂದು, ಬರ್ನಾಡೊಟ್ ಸತ್ತು ಸರಿಯಾಗಿ 30 ವರ್ಷ ತುಂಬಿದ ದಿನ, ಈಜಿಪ್ಟಿನ ಅನ್ವರ್ ಸಾದತ್ ಮತ್ತು ಇಸ್ರೇಲಿನ ಮೆನಾಖೆಮ್ ಬೆಗಿನ್ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಮ್ಮುಖದಲ್ಲಿ ಕ್ಯಾಂಪ್ ಡೇವಿಡ್ ಒಪ್ಪಂದಗಳಿಗೆ ಸಹಿ ಹಾಕಿದರು. ಎರಡು ದೇಶಗಳ ನಡುವೆ ಅದರಿಂದ ಶಾಂತಿ ಬಂದದ್ದು ನಿಜ. ಪ್ಯಾಲೆಸ್ಟೈನಿನ ಪ್ರಶ್ನೆ ಮಾತ್ರ ಅಲ್ಲಿಯೂ ಉಳಿಯಿತು.

ಹೀಗೆ ಹೋಲಿಸುವಾಗ ನಮ್ಮ ಕಡೆಯ ಕಥೆ ಸುಖಾಂತ್ಯವಾಯಿತೆಂದು ಬರೆದು ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದಲ್ಲಿ ನಿಜಾಮರ ಪರವಾದ ಖಾಸಗಿ ಸಶಸ್ತ್ರ ಪಡೆಯವರಾದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ, ಮರೆಯಲೂಬಾರದು. ಆದರೆ ಸೆಪ್ಟೆಂಬರ್ 17ರ ಸಂಜೆಯ ನಂತರದ ವಾರಗಳಲ್ಲಿ, ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಅಸಂಖ್ಯ ಮುಸ್ಲಿಂ ಕುಟುಂಬಗಳ ಮೇಲೆ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದವರೆಗೆ ಎಂದು ಅಂದಾಜು ಮಾಡಿ, ಅತಿ ಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆಗೆ ಗುಲಬರ್ಗಾ, ಬೀದರಗಳ ಹೆಸರನ್ನೂ ಬರೆಯಿತು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯಲ್ಲಿಯೇ ಇತ್ತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಗೋರಟಾದ ಹೆಸರನ್ನು ಎತ್ತುವ ಭಾಷಣದಲ್ಲಿಯೇ ಈ ವರದಿಯ ಹೆಸರೂ ಬರಬೇಕು. ಸತ್ತವರೆಲ್ಲ ನಮ್ಮ ಜಿಲ್ಲೆಗಳವರೇ.

ಆನಂತರದ ಹಾದಿ ಕಾಗದದ ಮೇಲೆ ನೇರವಾಗಿದೆ. 1950ರ ಜನವರಿ 26ರಂದು ಭಾರತದ ಸಂವಿಧಾನ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಯಿತು, ನಿಜಾಮರು ರಾಜಪ್ರಮುಖರಾಗಿ, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾಗಿ, ಮುಂದುವರಿದರು, 1956ರ ನವೆಂಬರ್ 1ರಂದು ಆ ರಾಜ್ಯವೇ ಮೂರು ಪಾಲಾಗಿ ನಾವು ಮೈಸೂರು ರಾಜ್ಯವನ್ನು ಸೇರಿದೆವು. ಪ್ಯಾರಿಸ್ಸಿನಲ್ಲಿ ಆರಂಭವಾದ ಚರ್ಚೆ ಭದ್ರತಾ ಮಂಡಳಿಯ ಮುಂದೆ ಕೊನೆಯ ಬಾರಿ ಬಂದದ್ದು 1949ರ ಮೇ ತಿಂಗಳಲ್ಲಿ. ಆಮೇಲೆ ಯಾರೂ ಅದನ್ನು ಎತ್ತಿ ಮಾತನಾಡದಿದ್ದರೂ ‘ಹೈದರಾಬಾದ್ ಪ್ರಶ್ನೆ’ ಎಂಬ ಸಾಲು ಮಂಡಳಿಯ ವಿಷಯಪಟ್ಟಿಯಲ್ಲಿ ದಶಕಗಳ ಕಾಲ ಉಳಿದುಕೊಂಡಿತ್ತು. ಅದೇ ಮಂಡಳಿ ಪ್ಯಾಲೆಸ್ಟೈನ್ ವಿಷಯವನ್ನು ಇಂದಿಗೂ ಚರ್ಚಿಸುತ್ತಿದೆ.