ಎಲ್ಲವೂ ಅರ್ಜೆಂಟ್ ಆದಾಗ

ಮ್ಯಾನೇಜ್‌ಮೆಂಟಿಗೆ ಈ ತ್ರೈಮಾಸಿಕದ ಆದಾಯ ಮುಖ್ಯ, ಪ್ರಾಡಕ್ಟ್ ಮ್ಯಾನೇಜರಿಗೆ ಹೊಸ ಫೀಚರ್, ಎಂಜಿನಿಯರಿಗೆ ರಾತ್ರಿ ನಿದ್ದೆಗೆಡಿಸುವ ಹಳೇ ಸರ್ವರ್. ಮೂವರೂ ಸರಿ. ಮೂರನ್ನೂ ಒಂದೇ ಬ್ಯಾಕ್‌ಲಾಗಿಗೆ (ಬಾಕಿ ಕೆಲಸಗಳ ಪಟ್ಟಿಗೆ) ಸುರಿದು ಒಂದೇ ಅಳತೆಗೋಲು ಹಿಡಿದಾಗ ತೊಂದರೆ ಶುರು. ಯಾವ ಕೆಲಸ ಮೊದಲು ಎಂದು ಅಂಕ ಹಾಕಿ ನಿರ್ಧರಿಸುವ ರೈಸ್ (RICE) ಸೂತ್ರವನ್ನೇ ನೋಡಿ: ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ, ನಮ್ಮ ಅಂದಾಜಿನ ಮೇಲೆ ಎಷ್ಟು ಭರವಸೆ, ಈ ಮೂರನ್ನೂ ಗುಣಿಸಿ ಶ್ರಮದಿಂದ ಭಾಗಿಸುವುದು. ಫೀಚರುಗಳನ್ನು ಹೋಲಿಸಲು ಚೆನ್ನಾಗಿದೆ. ಆದರೆ ಡೇಟಾಬೇಸ್ ಅಪ್‌ಗ್ರೇಡ್ ಅದರಲ್ಲಿ ಬಹುಪಾಲು ಕೆಳಗೇ ಉಳಿಯುತ್ತದೆ. ಬಳಕೆದಾರರಿಗೆ ಕಾಣುವಂಥದ್ದು ಏನೂ ಇಲ್ಲವಲ್ಲ.

ಅದಕ್ಕೇ ಗೂಗಲ್‌ನ ಎಸ್‌ಆರ್‌ಇ (ಸೇವೆ ಕೆಡದಂತೆ ನೋಡಿಕೊಳ್ಳುವ) ತಂಡಗಳು ಬಳಸುವ ಎರರ್ ಬಜೆಟ್ ನನಗೆ ತುಂಬ ಹಿಡಿಸುತ್ತದೆ. ಸೇವೆ 99.9% ಹೊತ್ತು ಲಭ್ಯವಿರಬೇಕೆಂದು ಗುರಿ ಇಟ್ಟರೆ, 30 ದಿನಕ್ಕೆ ಸುಮಾರು 43 ನಿಮಿಷ ಕೆಡಲು ಅವಕಾಶ. ಅದೇ ಬಜೆಟ್. 99.99% ಅಂದರೆ ಬರೀ 4 ನಿಮಿಷ ಚಿಲ್ಲರೆ! ಈ ಗುರಿಯನ್ನು ಮೇಲಿನವರೂ ಕೂತು ಮೊದಲೇ ಒಪ್ಪಿರಬೇಕು. ಬಜೆಟ್ ಉಳಿದಿದ್ದರೆ ಫೀಚರ್ ಬಿಡುಗಡೆಯಾಗಲಿ. ಮುಗಿದರೆ ಸೆಕ್ಯುರಿಟಿ ಪ್ಯಾಚ್, ತುರ್ತು ದುರಸ್ತಿ ಬಿಟ್ಟು ಉಳಿದದ್ದು ನಿಲ್ಲಲಿ. ಮೀಟಿಂಗಿನಲ್ಲಿ ದನಿ ಏರಿಸಿದವರ ಮಾತೇ ನಡೆಯುವುದು ಆಗ ತಪ್ಪುತ್ತದೆ.

ಬಜೆಟ್ ಮುಗಿದ ಮೇಲೂ "ಇದೊಂದು ಮಾತ್ರ" ಎಂದು ವಿನಾಯಿತಿ ಕೊಡುತ್ತಾ ಹೋದರೆ ಪದ್ಧತಿ ಸತ್ತಂತೆ. ಅದಕ್ಕಿಂತ ಅಪಾಯ, ಸರ್ವರ್ ಓಡುತ್ತಿದೆಯೇ ಎಂದಷ್ಟೇ ಅಳೆಯುವುದು. ಸರ್ವರ್ ಓಡುತ್ತಿದ್ದರೂ ಪಾವತಿ ಅರ್ಧಕ್ಕೆ ನಿಂತಿರಬಹುದು, ಬಜೆಟ್ ಕರಗಿದ್ದೇ ಗೊತ್ತಾಗುವುದಿಲ್ಲ. ಹಣ ಕಳಿಸುವ ಬಟನ್ ಒತ್ತಿದಲ್ಲಿಂದ ರಸೀದಿ ಬರುವವರೆಗೆ ಅಳೆಯಿರಿ.